ಉಳದೆ ಬಿಟ್ಟ ಹೊಲಕ್ಕೆ ಕೂಲಿ

ಜೋಸೆಫ್ ಹೆಲರ್ ಬರೆದ 'ಕ್ಯಾಚ್-22' (1961) ಕಾದಂಬರಿಯಲ್ಲಿ ಒಬ್ಬ ವಿಚಿತ್ರ ರೈತ ಬರುತ್ತಾನೆ. ಆಲ್ಫಾಲ್ಫಾ, ಅಂದರೆ ನಮ್ಮ ಕಡೆ ದನಕ್ಕೆ ಹಾಕುವ ಕುದುರೆ ಮಸಾಲೆ ಸೊಪ್ಪನ್ನು ಬೆಳೆಯದೇ ಇರುವುದು ಅವನ ಕಸುಬು. ಬೆಳೆಯದೆ ಬಿಟ್ಟಷ್ಟಕ್ಕೂ ಸರ್ಕಾರ ದುಡ್ಡು ಕೊಡುತ್ತದೆ. ಆ ದುಡ್ಡಿನಲ್ಲಿ ಅವನು ಇನ್ನಷ್ಟು ಜಮೀನು ಕೊಳ್ಳುತ್ತಾನೆ, ಅಲ್ಲಿಯೂ ಬೆಳೆಯುವುದಿಲ್ಲ. ಹೀಗೆ ಬೆಳೆಯದೆ ಬೆಳೆಯದೆಯೇ ಸಾಹುಕಾರನಾಗಿ, ಊರವರಿಗೆ ದುಡಿಮೆಯ ಮಹಿಮೆಯನ್ನು ಉಪದೇಶಿಸುತ್ತಾನೆ.

ಈ ವ್ಯಂಗ್ಯಕ್ಕೆ ನಗು ಬಂದರೆ ಅದಕ್ಕೆ ಕಾರಣ ನಮ್ಮೊಳಗೆ ಬೇರೂರಿರುವ ಒಂದು ಲೆಕ್ಕ: ದುಡಿದವನಿಗೆ ಕೂಲಿ ಸರಿ, ಕೈಕಟ್ಟಿ ಕೂತವನಿಗೆ ಎಂಥ ಕೂಲಿ? ಹೊಲ ಬೀಳು ಬಿಟ್ಟವನನ್ನು ನಮ್ಮ ಹಳ್ಳಿಗಳು ಸೋಮಾರಿ ಎನ್ನುತ್ತವೆ. ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳದ ಸೀಮೆಯಲ್ಲೂ ಒಳ್ಳೆಯ ರೈತನ ಗುರುತೆಂದರೆ ನೆಟ್ಟಗಿನ ಸಾಲು, ಕಳೆ ಕಾಣದ ನೆಲ. ಆದರೆ ಉಳುವುದರಿಂದಲೇ ಹಾಳಾಗುವ ನೆಲವೂ ಇರುತ್ತದೆ. ಅಂಥ ನೆಲದ ಮುಂದೆ ನೇಗಿಲು ಹಿಡಿದು ನಿಂತ ರೈತ, ಪಕ್ಕದವನ ಪೈರು ನೋಡುತ್ತ, ಬ್ಯಾಂಕಿನ ಕಂತು ನೆನೆಯುತ್ತ, 'ಇಲ್ಲ, ಇದನ್ನು ಉಳುವುದಿಲ್ಲ' ಎಂದು ತಡೆದುಕೊಳ್ಳುವುದು ಯಾವ ದುಡಿಮೆಗೆ ಕಡಿಮೆ? ತಡೆದುಕೊಳ್ಳುವುದೂ ಒಂದು ಕೆಲಸವೇ ಆದರೆ ಅದಕ್ಕೆ ಕೂಲಿ ಇದೆಯೆ? ಇದ್ದರೆ ಕೊಡಬೇಕಾದವರು ಯಾರು? ಅಮೆರಿಕ ತೊಂಬತ್ತು ವರ್ಷಗಳಿಂದ ಈ ಪ್ರಶ್ನೆಗೆ ಚೆಕ್ಕು ಬರೆದು ಉತ್ತರಿಸುತ್ತಿದೆ. ಆ ಉತ್ತರದ ಒಳಗನ್ನು ನೋಡಬೇಕೆನಿಸುತ್ತದೆ.

ಅದರ ಮೂಲ ದೂಳಿನಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಬೆಲೆ ಬಂತು, ಜೊತೆಗೆ ಟ್ರ್ಯಾಕ್ಟರ್ ಬಂತು. ಕ್ಯಾನ್ಸಸ್, ಓಕ್ಲಹೋಮ, ಟೆಕ್ಸಸ್, ಕೊಲೊರಾಡೊಗಳ ಒಣ ಬಯಲಿನಲ್ಲಿ ಮಣ್ಣನ್ನು ಹಿಡಿದಿದ್ದ ಹುಲ್ಲಿನ ಬೇರನ್ನು ಕಿತ್ತು ಗೋಧಿ ಬಿತ್ತಿದರು. 1930ರ ದಶಕದಲ್ಲಿ ಬೆಲೆಯೂ ಬಿತ್ತು, ಮಳೆಯೂ ಕೈಕೊಟ್ಟಿತು. ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14, 'ಕರಿ ಭಾನುವಾರ' ಎಂದೇ ಹೆಸರಾದ ದಿನ, ಹಗಲು ಹೊತ್ತಿನಲ್ಲೇ ಕತ್ತಲು ಕವಿಯಿತು. ಮಣ್ಣಿನ ಸವಕಳಿಯ ಬಗ್ಗೆ ವರ್ಷಗಟ್ಟಲೆ ಎಚ್ಚರಿಸುತ್ತಿದ್ದ ಹ್ಯೂ ಹ್ಯಾಮಂಡ್ ಬೆನೆಟ್ ಸೆನೆಟ್ ಸಮಿತಿಯ ಮುಂದೆ ಬೇಕೆಂದೇ ಮಾತು ಎಳೆದರಂತೆ, ಅಷ್ಟರಲ್ಲಿ ಬಯಲುಸೀಮೆಯ ದೂಳು ವಾಷಿಂಗ್ಟನ್ನಿನ ಕಿಟಕಿಗೇ ಬಂತಂತೆ ಎಂಬ ಕಥೆ ಇಂದಿಗೂ ಓಡಾಡುತ್ತದೆ. ಆ ಏಪ್ರಿಲ್ ಮುಗಿಯುವ ಮೊದಲೇ ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು. ಬೆನೆಟ್ ಅದರಡಿ ಹುಟ್ಟಿದ ಇಲಾಖೆಯ ಮೊದಲ ಮುಖ್ಯಸ್ಥರಾದರು.

ರೈತನಿಗೆ ಹಣ ಕೊಡುವ ಪದ್ಧತಿ ಮಾತ್ರ ಹುಟ್ಟಿದ್ದು ಇಷ್ಟು ಶುದ್ಧವಾಗಿ ಅಲ್ಲ. 1933ರಲ್ಲೇ ಸರ್ಕಾರ ಬೆಲೆ ಏರಿಸಲೆಂದು ಬಿತ್ತನೆ ಕಡಿಮೆ ಮಾಡಿದವರಿಗೆ ದುಡ್ಡು ಕೊಡತೊಡಗಿತ್ತು. 1936ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ಹೊಂದದ್ದೆಂದು ಹೊಡೆದುಹಾಕಿತು. ಎರಡು ತಿಂಗಳೊಳಗೆ ಸರ್ಕಾರ ಹೊಸ ಕಾಯ್ದೆ ತಂದಿತು. ಬೆಳೆಗಳು ಎರಡು ಜಾತಿಯಾದವು: ಮಣ್ಣನ್ನು ಬಳಲಿಸುವವು, ಮಣ್ಣನ್ನು ಕಾಯುವವು. ಹತ್ತಿ, ಗೋಧಿ, ಮೆಕ್ಕೆಜೋಳ ಮೊದಲಿನ ಜಾತಿ. ಹುಲ್ಲು, ದ್ವಿದಳ ಬೆಳೆಗಳು ಎರಡನೆಯದು. ಮೊದಲಿನದರಿಂದ ಎರಡನೆಯದಕ್ಕೆ ಬಂದವರಿಗೆ ಹಣ. ಬೆಲೆ ಬಿದ್ದಿದ್ದ ಬೆಳೆಗಳೇ ಮಣ್ಣನ್ನು ಬಳಲಿಸುವ ಪಟ್ಟಿಯಲ್ಲಿ ಸೇರಿದ್ದು ಕಾಕತಾಳೀಯವೇನಲ್ಲ. ಹಳೆಯ ಉದ್ದೇಶ ಮಣ್ಣಿನ ಮುಖವಾಡ ತೊಟ್ಟು ಬಂದಿತ್ತು. ಹೆಲರ್ ಗೇಲಿಗೆ ಆರಿಸಿಕೊಂಡ ಆಲ್ಫಾಲ್ಫಾ ಕೂಡ ಸಾರಜನಕ ಕಟ್ಟಿ, ಬೇರಿನಿಂದ ನೆಲ ಹಿಡಿಯುವ ದ್ವಿದಳ ಬೆಳೆಯೇ. ಬಿಡಲು ಅಲ್ಲ, ಬೆಳೆಯಲು ಹಣ ಕೊಡಬೇಕಾದ ಬೆಳೆ ಅದು.

ಹುಟ್ಟು ಶುದ್ಧವಲ್ಲವೆಂದು ಮಗುವನ್ನು ತಳ್ಳಬೇಕಿಲ್ಲ. ಆದರೆ ಮುಖವಾಡ ಎಂದಾದರೂ ಮುಖವಾಯಿತೆ ಎಂದು ಕೇಳಬಹುದು. 1956ರಲ್ಲಿ ಐಸೆನ್‌ಹೋವರ್ ಸರ್ಕಾರ 'ಸಾಯಿಲ್ ಬ್ಯಾಂಕ್' ತೆರೆದು ಹೊಲಗಳಿಗೆ ವಿಶ್ರಾಂತಿ ಕೊಟ್ಟಿತು. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟ ಧಾನ್ಯ ಕೊಳ್ಳತೊಡಗಿದೊಡನೆ ಬೇಲಿಯಿಂದ ಬೇಲಿಯವರೆಗೆ ಬಿತ್ತಿ ಎಂಬ ಕರೆ ಬಂತು. ದೂಳಿನ ದಿನಗಳಲ್ಲಿ ರೂಸ್‌ವೆಲ್ಟ್ ಸರ್ಕಾರ ಗಾಳಿ ತಡೆಯಲು ಸುಮಾರು 22 ಕೋಟಿ ಮರ ನೆಡಿಸಿತ್ತು. ಅದರಲ್ಲೂ ಎಷ್ಟೋ ಮರಗಳು ದೊಡ್ಡ ನೀರಾವರಿ ಯಂತ್ರಗಳಿಗೆ ಅಡ್ಡವೆಂದು ಉರುಳಿದವು. ಸವಕಳಿ ಮತ್ತೆ ಏರಿತು, ಬೆಲೆ ಮತ್ತೆ ಬಿತ್ತು. 1985ರ ಕೃಷಿ ಕಾಯ್ದೆ ಇಂದಿಗೂ ನಡೆದಿರುವ 'ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ' ತಂದಿತು. ಸುಲಭವಾಗಿ ಕೊಚ್ಚಿಹೋಗುವ ಹೊಲವನ್ನು ರೈತ 10ರಿಂದ 15 ವರ್ಷ ಉಳುವುದಿಲ್ಲವೆಂದು ಕರಾರು ಮಾಡಿಕೊಳ್ಳುತ್ತಾನೆ, ಹುಲ್ಲೋ ಮರವೋ ಬೆಳೆಸುತ್ತಾನೆ. ಸರ್ಕಾರ ಎಕರೆಗಿಷ್ಟು ಎಂದು ವರ್ಷವರ್ಷ ಬಾಡಿಗೆ ಕೊಡುತ್ತದೆ, ಹುಲ್ಲು ಹಚ್ಚುವ ಖರ್ಚಿನಲ್ಲಿ ಅರ್ಧ ಹೊರುತ್ತದೆ. 2007ರಲ್ಲಿ ಹೀಗೆ ಕರಾರಿಗೆ ಒಳಪಟ್ಟ ನೆಲ ಸುಮಾರು 3.68 ಕೋಟಿ ಎಕರೆ. ಇಡೀ ಕರ್ನಾಟಕದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು.

ಫಲ ಸಿಗಲಿಲ್ಲ ಎನ್ನುವಂತಿಲ್ಲ. ಅಮೆರಿಕದ ಬೇಸಾಯದ ನೆಲದಿಂದ 1982ರಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಟನ್ ಮಣ್ಣು ಸವೆಯುತ್ತಿತ್ತು. 2007ರ ಹೊತ್ತಿಗೆ ಅದು 170 ಕೋಟಿ ಟನ್ ಆಸುಪಾಸಿಗೆ ಇಳಿಯಿತು. ಉಳದೆ ಬಿತ್ತುವ ಪದ್ಧತಿ, ನೆಲ ಕೆಡಿಸಿದವರಿಗೆ ಉಳಿದ ಸಬ್ಸಿಡಿ ಇಲ್ಲವೆಂಬ 1985ರ ಷರತ್ತು, ಈ ಬಾಡಿಗೆ ಎಲ್ಲ ಸೇರಿ ಆದ ಕೆಲಸ ಅದು. ಉತ್ತರದ ಡಕೋಟಾ ರಾಜ್ಯಗಳ ಕೊಳಗಳ ಸುತ್ತ ಹುಲ್ಲು ಎದ್ದಲ್ಲಿ ಬಾತುಕೋಳಿಗಳು ಮರಿ ಮಾಡಿದವು. ಆಮೇಲೆ ಎಥೆನಾಲ್ ಬಂತು. ಮೆಕ್ಕೆಜೋಳವನ್ನು ಕಾರಿಗೆ ಕುಡಿಸುವ ನೀತಿಗೆ ಬರಗಾಲವೂ ಸೇರಿ, 2005ರಲ್ಲಿ ಬುಷೆಲ್‌ಗೆ ಎರಡು ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 2012ರ ಬೇಸಿಗೆಯಲ್ಲಿ ಎಂಟು ಡಾಲರ್ ದಾಟಿತು. ಕರಾರು ಮುಗಿದ ಹೊಲಗಳು ಒಂದೊಂದಾಗಿ ನೇಗಿಲಿಗೆ ಮರಳಿದವು. ಮುಂದಿನ ಕೃಷಿ ಕಾಯ್ದೆ ಯೋಜನೆಯ ಮಿತಿಯನ್ನೇ 2.4 ಕೋಟಿ ಎಕರೆಗೆ ಇಳಿಸಿತು. ಇಪ್ಪತ್ತು ವರ್ಷ ಸಾರ್ವಜನಿಕರ ಹಣದಿಂದ ಕಟ್ಟಿದ್ದ ಬೇರಿನ ಜಾಲ ಒಂದು ಹಂಗಾಮಿನಲ್ಲಿ ಮಗುಚಿತು.

ಕರಾರು ಮುಗಿದೊಡನೆ ಕಾಳಜಿಯೂ ಮುಗಿಯುತ್ತದೆಂಬ ಭಯವನ್ನು ಬಹಳ ಮೊದಲೇ ಕಂಡವರು ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್. ಅವರ 'ಎ ಸ್ಯಾಂಡ್ ಕೌಂಟಿ ಅಲ್ಮನಾಕ್' ಅವರು ತೀರಿಕೊಂಡ ಮರುವರ್ಷ, 1949ರಲ್ಲಿ ಪ್ರಕಟವಾಯಿತು. ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿ 1933ರಲ್ಲಿ ರೈತರಿಗೆ ಒಂದು ಮಾತು ಕೊಡಲಾಗಿತ್ತು: ಐದು ವರ್ಷ ಇಂತಿಂಥ ಮಣ್ಣು ಉಳಿಸುವ ಕ್ರಮ ಅನುಸರಿಸಿ, ಆಳು, ಯಂತ್ರ, ಸಾಮಗ್ರಿ ನಾವು ಕೊಡುತ್ತೇವೆ. ರೈತರು ಒಪ್ಪಿದರು. ಐದು ವರ್ಷ ಮುಗಿಯಿತು, ಹೆಚ್ಚಿನ ಕ್ರಮಗಳೂ ಮರೆತುಹೋದವು. ಉಳಿದದ್ದು ಕಣ್ಣೆದುರಿಗೇ ಲಾಭ ಕಾಣಿಸಿದವು ಮಾತ್ರ. ಲಿಯೊಪೋಲ್ಡರು ಇದರಿಂದ ತೆಗೆದ ಸಾರ ಕಟುವಾಗಿದೆ. ರೈತನ ಮುಂದೆ ಅವನ ಸ್ವಾರ್ಥವನ್ನಷ್ಟೇ ಇಟ್ಟು ಮಾತಾಡಿದರೆ ಅವನು ಸ್ವಾರ್ಥದ ಭಾಷೆಯಲ್ಲೇ ಉತ್ತರಿಸುತ್ತಾನೆ. ನೆಲದ ಬಗ್ಗೆ ಕರ್ತವ್ಯವೆಂಬುದೊಂದು ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನೆಲವನ್ನು ನಮ್ಮದೇ ಸಮುದಾಯದ ಸದಸ್ಯನಂತೆ ಕಾಣುವ ನೀತಿ ಹುಟ್ಟದೆ ಏನೂ ನಿಲ್ಲದು ಎಂಬುದು ಅವರ ನಿಲುವು.

ಮಾತು ಸತ್ಯ. ಆದರೆ ಪೂರ್ತಿ ಸತ್ಯವೆ? ಲಿಯೊಪೋಲ್ಡರು 1935ರಲ್ಲಿ ವಿಸ್ಕಾನ್ಸಿನ್ ನದಿಯ ದಡದಲ್ಲಿ ಒಂದು ಬರಡು ಜಮೀನು ಕೊಂಡರು. ಮನೆಮಂದಿಯೆಲ್ಲ ಸೇರಿ ಅಲ್ಲಿ ಸಾವಿರಾರು ಪೈನ್ ಸಸಿ ನೆಟ್ಟು ನೆಲವನ್ನು ಮರಳಿ ಎಬ್ಬಿಸಿದರು. ನೆಲನೀತಿಯ ಆ ಪಾಠಶಾಲೆ ಇಂದು ತೀರ್ಥಸ್ಥಳದಂತಿದೆ. ಆದರೆ ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ತಿಂಗಳ ಸಂಬಳ ಆ ಜಮೀನಿನಿಂದ ಬರಬೇಕಿರಲಿಲ್ಲ. ಅವರ ತಾಳ್ಮೆಗೂ ಬೆನ್ನಿಗೊಂದು ಆಸರೆ ಇತ್ತು. ಅದಕ್ಕೆ ಸಬ್ಸಿಡಿ ಎಂಬ ಹೆಸರಿರಲಿಲ್ಲ, ಅಷ್ಟೆ. ಇದನ್ನು ಅವರ ಘನತೆ ತಗ್ಗಿಸಲು ಹೇಳುತ್ತಿಲ್ಲ. ಹೊಲದ ಆದಾಯದಲ್ಲೇ ಸಾಲ ತೀರಿಸಬೇಕಾದವನಿಗೆ ಬರಿಯ ನೀತಿಯನ್ನು ಬೋಧಿಸುವುದು ಹೊಟ್ಟೆ ತುಂಬಿದವನು ಉಪವಾಸದ ಪುಣ್ಯ ವಿವರಿಸಿದಂತಾಗುತ್ತದೆ.

ಸಂಯಮದ ಕಥೆ ನಮಗೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದಳು. ಯಾವ ಕರಾರೂ ಇಲ್ಲ, ಬಾಡಿಗೆಯೂ ಇಲ್ಲ, ಬೇಡ ಎಂದಳು. ಈ ಕಥೆಯನ್ನು ನಾವು ಲಕ್ಕಮ್ಮನೊಬ್ಬಳ ಗಟ್ಟಿತನದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಅದು ಹೌದು. ಆದರೆ ಅವಳ ಸುತ್ತ ಒಂದು ಕಲ್ಯಾಣವಿತ್ತು ಎಂಬುದನ್ನೂ ನೆನೆಯಬೇಕು. ದುಡಿದದ್ದು ದಾಸೋಹಕ್ಕೆ ಹೋಗುವ, ನಾಳೆ ನಿನ್ನ ಒಲೆ ಹೊತ್ತದಿದ್ದರೆ ನಾವಿದ್ದೇವೆ ಎನ್ನುವ ಒಂದು ಕೂಟ. ನಾಳೆಯ ಭಯ ಇಲ್ಲದವಳಿಗೆ ಇಂದಿನ ಹೆಚ್ಚುವರಿ ಹಿಡಿ ಅಕ್ಕಿ ಬೇಕಿರಲಿಲ್ಲ. ಭಯವಿದ್ದೂ ಬೇಡವೆನ್ನುವವರು ಇದ್ದಾರು. ಅಂಥ ಒಬ್ಬಿಬ್ಬರನ್ನು ನಂಬಿ ಒಂದು ದೇಶದ ಮಣ್ಣನ್ನು ಕಾಯಲಾಗುವುದಿಲ್ಲ.

ನನಗೆ ತೋರುವುದು ಇದು: ಸಂಯಮ ಎಂದೂ ಒಂಟಿ ಗುಣವಾಗಿರಲಿಲ್ಲ. ಅದರ ಬೆನ್ನಿಗೆ ಯಾವಾಗಲೂ ಒಂದು ಸಮಾಜ ನಿಂತಿರುತ್ತಿತ್ತು. ಆ ಸಮಾಜ ಕರಗಿ, ರೈತ ಮಾರುಕಟ್ಟೆಯೆದುರು ಒಬ್ಬನೇ ನಿಂತಾಗ, ಅದರ ಜಾಗದಲ್ಲಿ ಸರ್ಕಾರದ ಚೆಕ್ಕು ಬಂದು ನಿಂತಿತು. ಅದನ್ನು ಲಂಚವೆಂದು ಜರೆಯುವವರು, ಭಿಕ್ಷೆಯೆಂದು ಕನಿಕರಿಸುವವರು ಇದನ್ನು ಗಮನಿಸುವುದಿಲ್ಲ. ಅಯೋವಾದ ಹೊಲದಿಂದ ಕೊಚ್ಚಿಹೋದ ಗೊಬ್ಬರ ಮಿಸಿಸಿಪ್ಪಿ ನದಿಯಲ್ಲಿ ತೇಲಿ ಮೆಕ್ಸಿಕೋ ಕೊಲ್ಲಿಗೆ ಸೇರುತ್ತದೆ; ಪ್ರತಿ ಬೇಸಿಗೆಯಲ್ಲೂ ಅಲ್ಲಿ ಸಾವಿರಾರು ಚದರ ಕಿಲೋಮೀಟರ್ ನೀರು ಆಮ್ಲಜನಕವಿಲ್ಲದೆ ಮೀನು ಬದುಕದಂತಾಗುತ್ತದೆ. ಹೊಳೆದಂಡೆಯ ಪಟ್ಟಿಯನ್ನು ಉಳದೆ ಬಿಟ್ಟ ರೈತ ತಾನು ಎಂದೂ ಕಾಣದ ಮೀನುಗಾರನಿಗೆ ಉಪಕಾರ ಮಾಡುತ್ತಿದ್ದಾನೆ. ಅವರಿಬ್ಬರೂ ಒಂದು ಜಗಲಿಯಲ್ಲಿ ಕೂತು ಋಣ ಮಾತಾಡಿಕೊಳ್ಳುವ ಹಾಗಿಲ್ಲ. ಹಣ ಅವರ ನಡುವಿನ ಸಂದೇಶ. ಕಳೆದುಹೋದ ಸಮಾಜದ ಅತಿ ಬಡ ರೂಪ ಅದು, ಆದರೂ ಸಮಾಜದ್ದೇ ರೂಪ.

ಬಡ ರೂಪ ಏಕೆಂದರೆ ಹಣಕ್ಕೆ ಸೂಕ್ಷ್ಮ ದೃಷ್ಟಿಯಿಲ್ಲ. ಅಮೆರಿಕದ ಬೇಸಾಯದ ನೆಲದಲ್ಲಿ ಸುಮಾರು ನೂರಕ್ಕೆ 40 ಪಾಲು ಗುತ್ತಿಗೆಯದು. ಒಡೆಯ ಕರಾರಿಗೆ ಸಹಿ ಹಾಕಿದರೆ ಬಾಡಿಗೆ ಅವನಿಗೆ ಸಿಗುತ್ತದೆ, ಗುತ್ತಿಗೆದಾರ ಹೊಸ ಹೊಲ ಹುಡುಕಬೇಕು. ಹೊಲಗಳು ವಿಶ್ರಾಂತಿಗೆ ಹೋದಂತೆ ಊರಿನ ಬೀಜದಂಗಡಿ, ರಿಪೇರಿ ಅಂಗಡಿಗಳಿಗೂ ಕೆಲಸ ತಪ್ಪುತ್ತದೆ. ಒಂದು ಕೌಂಟಿಯ ಸಾಗುವಳಿ ನೆಲದ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚನ್ನು ಸೇರಿಸಬಾರದೆಂಬ ಮಿತಿ ಇಟ್ಟದ್ದು ಈ ನೋವನ್ನು ಕಂಡೇ. 1996ರಲ್ಲಿ ಬಂದ ಇನ್ನೊಂದು ಯೋಜನೆ, ಇಕ್ವಿಪ್, ನೆಲವನ್ನು ಬಿಡಿಸುವುದಿಲ್ಲ. ಉಳುತ್ತಲೇ, ಮೇಯಿಸುತ್ತಲೇ ಮಾಡುವ ಸುಧಾರಣೆಯ ಖರ್ಚು ಹಂಚಿಕೊಳ್ಳುತ್ತದೆ. ಮುಚ್ಚಿಗೆ ಬೆಳೆ ಬಿತ್ತುವ ಸಣ್ಣ ರೈತನಿಗೂ, ಸಾವಿರಾರು ಪ್ರಾಣಿಗಳನ್ನು ಕೂಡಿಹಾಕುವ ಕಾರ್ಖಾನೆಯಂಥ ಕೊಟ್ಟಿಗೆಯ ಸಗಣಿಹೊಂಡಕ್ಕೂ ಅದೇ ಸಂರಕ್ಷಣೆಯ ಹಣ ಹೋಗುತ್ತದೆ. ಒಂದು ಸಮುದಾಯವಾಗಿದ್ದರೆ ಯಾರು ಕಾಯುತ್ತಿದ್ದಾರೆ, ಯಾರು ಕಾಯುವಂತೆ ನಟಿಸುತ್ತಿದ್ದಾರೆ ಎಂಬುದು ಅದಕ್ಕೆ ಗೊತ್ತಾಗುತ್ತಿತ್ತು. ಅರ್ಜಿ ನಮೂನೆಗೆ ಅದು ಗೊತ್ತಾಗುವುದಿಲ್ಲ.

ಹಾಗೆಂದು ಹಣವಿಲ್ಲದ ವ್ಯವಸ್ಥೆಯೆಲ್ಲ ಸ್ವರ್ಗವಾಗಿರಲಿಲ್ಲ. ನಮ್ಮ ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳನ್ನು ನೋಡಬಹುದು. ಅಡಿಕೆ ತೋಟದ ಗೊಬ್ಬರಕ್ಕೆಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಕಾಡಿನ ಸೊಪ್ಪು, ದರಕು ತರುವ ಹಕ್ಕನ್ನು ಬ್ರಿಟಿಷರ ಕಾಲದಲ್ಲೇ ಬೆಳೆಗಾರರಿಗೆ ಕೊಡಲಾಯಿತು. ರೊಕ್ಕದ ಮಾತಿಲ್ಲ, ಹಕ್ಕು ಇದ್ದವನೇ ಕಾಯಬೇಕು. ಕೆಲವು ಬೆಟ್ಟಗಳು ಇಂದಿಗೂ ಕಾಡಿನಂತೆ ದಟ್ಟವಾಗಿವೆ. ಕೆಲವು ಬೋಳಾಗಿ ಹುಲ್ಲಿಗೂ ಗತಿಯಿಲ್ಲದಂತಿವೆ. ಹಕ್ಕುಪತ್ರ ಎರಡಕ್ಕೂ ಒಂದೇ. ಬೇರೆಯಾದದ್ದು ಬೆಟ್ಟವನ್ನು ತೋಟದ ಭಾಗವೆಂದು ಕಂಡ ಮನೆಯವರ, ಕೊಡಲಿ ಬಿದ್ದರೆ ಕೇಳುವ ಕೇರಿಯವರ ಇರುವಿಕೆ. ಹಣ ಕೊಟ್ಟರೂ ಹಕ್ಕು ಕೊಟ್ಟರೂ, ಕಾಯುವ ಕಣ್ಣು ಬೇರೆಲ್ಲಿಂದಲೋ ಬರಬೇಕು.

ಆ ಕಣ್ಣನ್ನು ಹಣದ ಆಸರೆಯಲ್ಲೇ ಬೆಳೆಸಲು ಸಾಧ್ಯವೆ? ಅಮೆರಿಕದ ಪಶ್ಚಿಮದ ಕುರುಚಲು ಬಯಲಿನಲ್ಲಿ ಸೇಜ್ ಗ್ರೌಸ್ ಎಂಬ ಹಕ್ಕಿ ಕಡಿಮೆಯಾಗುತ್ತ ಬಂತು. ಅದು ಅಳಿವಿನ ಪಟ್ಟಿಗೆ ಸೇರಿದರೆ ಅಲ್ಲಿ ದನ ಮೇಯಿಸುವ ರಾಂಚ್‌ಗಳ ಮೇಲೆ ಕಟ್ಟುನಿಟ್ಟು ಬೀಳುತ್ತಿತ್ತು. 2010ರಲ್ಲಿ ಕೃಷಿ ಇಲಾಖೆ ಹನ್ನೊಂದು ರಾಜ್ಯಗಳ ರಾಂಚಿನವರ ಬಳಿ ಹೋಯಿತು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಜೊತೆಗೂಡಿದವು. ಮೇವಿನ ಸರದಿ ಬದಲಿಸಿದರು, ಬಯಲಿಗೆ ನುಗ್ಗಿದ ಜೂನಿಪರ್ ಮರ ತೆಗೆದರು, ಹಕ್ಕಿ ಹಾರುವಾಗ ಬಡಿಯದಿರಲೆಂದು ಬೇಲಿಯ ತಂತಿಗೆ ಬಿಳಿಯ ಗುರುತು ಕಟ್ಟಿದರು. ಖರ್ಚಿನ ದೊಡ್ಡ ಪಾಲು ಸರ್ಕಾರದ್ದು. 2015ರಲ್ಲಿ ಹಕ್ಕಿಯನ್ನು ಆ ಪಟ್ಟಿಗೆ ಸೇರಿಸುವ ಅಗತ್ಯವಿಲ್ಲವೆಂದು ಸರ್ಕಾರ ತೀರ್ಮಾನಿಸಿತು. ಹಕ್ಕಿಯ ಸಂಕಟ ಅಲ್ಲಿಗೆ ಮುಗಿಯಲಿಲ್ಲ, ನಿಜ. ಆದರೆ ಹಕ್ಕಿಗೆ ಒಳ್ಳೆಯದಾದ ಹುಲ್ಲು ದನಕ್ಕೂ ಒಳ್ಳೆಯದು ಎಂಬುದನ್ನು ರಾಂಚಿನವರು ನೆರೆಹೊರೆಯವರೊಂದಿಗೆ ಸೇರಿ, ತಮ್ಮದೇ ಬೇಲಿಯ ಪಕ್ಕ ಕಂಡುಕೊಂಡರು. ಅಡಿಕೆಯ ಎಳೆ ಸಸಿಗೆ ಬಿಸಿಲು ತಾಗದಂತೆ ಬಾಳೆ ನೆಡುತ್ತಾರೆ. ಅಡಿಕೆ ಎದ್ದ ಮೇಲೆ ಬಾಳೆ ಇರಲಿ ಬಿಡಲಿ, ತೋಟ ನಿಲ್ಲುತ್ತದೆ. ಹಣವೂ ಅಂಥ ನೆರಳು. ಅದರ ಅಡಿಯಲ್ಲಿ ಏನನ್ನಾದರೂ ನೆಟ್ಟಿರಬೇಕು.

ನೆಟ್ಟದ್ದು ಬೇರೂರಲು ಕಾಲ ಬೇಕು, ಕಾಲದಲ್ಲೇ ಎಲ್ಲ ತೊಡಕು. ಒಂದು ಅಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ. ಕರಾರಿನ ಆಯುಸ್ಸು ಹತ್ತರಿಂದ ಹದಿನೈದು ವರ್ಷ, ಕೃಷಿ ಕಾಯ್ದೆಯದು ಸುಮಾರು ಐದು, ಬ್ಯಾಂಕಿನ ಕಂತಿನದು ಒಂದು. ಷಿಕಾಗೋ ಪೇಟೆಯಲ್ಲಿ ಮೆಕ್ಕೆಜೋಳದ ಬೆಲೆ ಗಳಿಗೆಗೊಮ್ಮೆ ಬದಲಾಗುತ್ತದೆ. ಅಮೆರಿಕದ ರೈತನ ಸರಾಸರಿ ವಯಸ್ಸು 58 ದಾಟಿದೆ. ಎಷ್ಟೋ ಜನರಿಗೆ ಈ ಬಾಡಿಗೆ ಪಿಂಚಣಿಯಿದ್ದಂತೆ. ಹತ್ತು ವರ್ಷದಲ್ಲಿ ಮಣ್ಣು ತನ್ನ ಲೆಕ್ಕದಲ್ಲಿ ಒಂದು ಉಸಿರು ಎಳೆದಿರುತ್ತದೆ, ಅಷ್ಟೆ. ಅಷ್ಟರಲ್ಲಿ ಹೊಲದ ಒಡೆತನ ಬದಲಾಗುತ್ತದೆ, ಅಧ್ಯಕ್ಷರು ಬದಲಾಗುತ್ತಾರೆ.

ಕಾಲದ ಪರೀಕ್ಷೆ ರೈತನಿಗೆ ಮಾತ್ರವಲ್ಲ. 2022ರಲ್ಲಿ ಅಮೆರಿಕದ ಸಂಸತ್ತು ಇಂಥ ಯೋಜನೆಗಳಿಗೆ ಹೆಚ್ಚುವರಿಯಾಗಿ ಸುಮಾರು 1,950 ಕೋಟಿ ಡಾಲರ್ ತೆಗೆದಿರಿಸಿತು. 2025ರ ಆರಂಭದಲ್ಲಿ ಹೊಸ ಆಡಳಿತ ಬಂದೊಡನೆ ಆ ಹಣದ ಪಾವತಿ ನಿಂತಿತು. ಈ ಯೋಜನೆಗಳಲ್ಲಿ ರೈತ ಮೊದಲು ಕೈಯಿಂದ ಖರ್ಚು ಮಾಡಬೇಕು, ಸರ್ಕಾರ ಆಮೇಲೆ ತುಂಬಿಕೊಡುತ್ತದೆ. ಬೇಲಿ ಹಾಕಿ, ಕೊಳವೆ ಎಳೆದು, ಬಿಲ್ಲು ಹಿಡಿದು ಕಾದವರಿಗೆ ಉತ್ತರ ಸಿಗಲಿಲ್ಲ. ಹಣ ಮುಂದೆ ಹಂತಹಂತವಾಗಿ ಬಿಡುಗಡೆಯಾಯಿತು. ಆದರೆ ಅಷ್ಟು ಹೊತ್ತಿಗೆ ಒಂದು ಪಾಠ ಆಗಿಹೋಗಿತ್ತು. ಐದು ವರ್ಷದ ನಂತರ ಮಾತು ಮರೆತರೆಂದು ವಿಸ್ಕಾನ್ಸಿನ್ನಿನ ರೈತರ ಮೇಲೆ ಬಂದ ದೂರನ್ನು ಇಲ್ಲಿ ಸರ್ಕಾರದ ಮೇಲೇ ಹೊರಿಸಬೇಕು. ಸಂಯಮವನ್ನು ಕೊಳ್ಳಬಹುದೆ ಎಂಬ ಪ್ರಶ್ನೆಗೆ ಮುಂಚೆ, ಕೊಳ್ಳುವವನಿಗೆ ಸಂಯಮವಿದೆಯೆ ಎಂದು ಕೇಳಬೇಕಾಗುತ್ತದೆ. ತಾನೇ ಮಾತಿಗೆ ನಿಲ್ಲದವನು ಮಣ್ಣಿಗೆ ನಿಷ್ಠೆ ಕಲಿಸಲಾರ.

ಕರಾರಿನ ಕಾಗದದಲ್ಲಿ ಇಬ್ಬರ ಸಹಿ ಇರುತ್ತದೆ, ರೈತನದು ಮತ್ತು ಸರ್ಕಾರದ್ದು. ಮೂರನೆಯ ಪಕ್ಷವೊಂದಿದೆ, ಅದರ ಸಹಿ ಎಲ್ಲೂ ಇಲ್ಲ: ಉಣ್ಣುವವರು. ಅಗ್ಗದ ಧಾನ್ಯ, ಅಗ್ಗದ ಮಾಂಸ, ಅಗ್ಗದ ಇಂಧನ ಬೇಕೆಂದು ದಿನವೂ ಹೇಳುವವರು ನಾವು; ನಮ್ಮ ಆ ಬೇಡಿಕೆಯೇ ಬೆಲೆಯ ವೇಷದಲ್ಲಿ ಹೋಗಿ ರೈತನ ಕೈಗೆ ಮತ್ತೆ ನೇಗಿಲು ಕೊಡುತ್ತದೆ. ನಂತರ ನಮ್ಮದೇ ತೆರಿಗೆಯಿಂದ ಒಂದಿಷ್ಟು ತೆಗೆದು, ಆ ನೇಗಿಲನ್ನು ಕೆಳಗಿಡಪ್ಪಾ ಎಂದು ಅವನಿಗೆ ಕೊಡುತ್ತೇವೆ. ಒಳ್ಳೆಯ ಕೆಲಸ ಮಾಡಲು ನಿನಗೆ ದುಡ್ಡು ಯಾಕೆ ಬೇಕು ಎಂದು ರೈತನನ್ನು ಕೇಳುವ ಹಕ್ಕು, ತಾನು ಉಣ್ಣುವ ಅನ್ನದ ಬೆಲೆಯಲ್ಲಿ ಮಣ್ಣಿನ ಪಾಲನ್ನೂ ಸೇರಿಸಿ ಕೊಟ್ಟವನಿಗೆ ಮಾತ್ರ ಇದೆ. ಅಲ್ಲಿಯವರೆಗೆ ಆ ಬಾಡಿಗೆಯನ್ನು ರೈತನಿಗೆ ಮಾಡಿದ ಉಪಕಾರವೆಂದು ಲೆಕ್ಕ ಬರೆಯುವುದು ತಪ್ಪು. ಅದು ನಾವು ಬಾಕಿ ಉಳಿಸಿಕೊಂಡ ಸಾಲದ ಮೇಲಿನ ಬಡ್ಡಿ. ಅಸಲು ಇನ್ನೂ ಹಾಗೆಯೇ ಇದೆ.